ಚೀಲದ ಕಂಪ್ಯೂಟರ್, ಮೇಜಿನ ಕಂಪ್ಯೂಟರ್

ಪಿಯುಸಿ ಫಲಿತಾಂಶ ಬಂದು ಡಿಗ್ರಿಗೆ ಅರ್ಜಿ ಹಾಕುವ ದಿನಗಳಲ್ಲಿ ನಮ್ಮನ್ನು ಹೆಚ್ಚು ಜನ ಕೇಳುವ ಪ್ರಶ್ನೆ ಒಂದಿದೆ. "ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸೋದಾ, ಇಲ್ಲ ಮನೆಗೆ ಒಂದು ಡೆಸ್ಕ್‌ಟಾಪ್ ತಂದಿಡೋದಾ?"

ಕೇಳುವವರು ಎರಡನ್ನೂ ಕೊಳ್ಳಬಲ್ಲವರಲ್ಲ. ಹಾಲಿನ ಡೇರಿಯ ಬಟವಾಡೆ, ಕೊಬ್ಬರಿ ಮಾರಿದ ದುಡ್ಡು, ಮಹಿಳಾ ಸಂಘದ ಸಾಲ ಎಲ್ಲ ಸೇರಿಸಿ ಒಂದು ಸಲ ಕೊಳ್ಳುವವರು. ತಪ್ಪಾದರೆ ಇನ್ನೊಂದು ನಾಲ್ಕೈದು ವರ್ಷ ಸುಮ್ಮನಿರಬೇಕಾದವರು. ಅಂಗಡಿಯವರನ್ನು ಕೇಳಿದರೆ ಅವರ ಬಳಿ ಯಾವುದು ಇದೆಯೋ ಅದೇ ಒಳ್ಳೆಯದು. ಓದಿದ ಹುಡುಗರನ್ನು ಕೇಳಿದರೆ "ಈಗ ಡೆಸ್ಕ್‌ಟಾಪ್ ಯಾರು ತಗೋತಾರೆ?" ಅನ್ನುತ್ತಾರೆ.

ಈ ಪ್ರಶ್ನೆಗೆ ನಲವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅದನ್ನು ಓದುತ್ತಾ ಹೋದಾಗ ನಮಗೆ ಕಂಡದ್ದು ಇಷ್ಟು: ಡೆಸ್ಕ್‌ಟಾಪ್ ಹುಟ್ಟಿದ್ದು ಒಂದು ಜಾಗಕ್ಕಾಗಿ, ಲ್ಯಾಪ್‌ಟಾಪ್ ಹುಟ್ಟಿದ್ದು ಒಬ್ಬ ವ್ಯಕ್ತಿಗಾಗಿ. ಹಾಗಾಗಿ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು, ನಮ್ಮ ಮನೆಯಲ್ಲಿ ಅದರ ಮುಂದೆ ಯಾರು ಯಾರು ಕೂರಬೇಕು ಎಂದು ಕೇಳಿಕೊಳ್ಳಬೇಕು. ಇದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಕೋಣೆಯಿಂದ ಮೇಜಿಗೆ

ಮೊದಲ ಕಾಲದ ಕಂಪ್ಯೂಟರುಗಳು ಇಡೀ ಕೋಣೆ ತುಂಬುತ್ತಿದ್ದವು. ಸರ್ಕಾರ, ಸೈನ್ಯ, ವಿಶ್ವವಿದ್ಯಾಲಯ, ದೊಡ್ಡ ಕಂಪನಿಗಳು ಮಾತ್ರ ಇಟ್ಟುಕೊಳ್ಳಬಹುದಾಗಿತ್ತು. ಚಿಕ್ಕ ಚಿಪ್‌ಗಳು ಬಂದ ಮೇಲೆ, 1970ರ ದಶಕದ ಕೊನೆಯಲ್ಲಿ, ಮೇಜಿನ ಮೇಲೆ ಕೂರುವ ಕಂಪ್ಯೂಟರುಗಳು ಅಮೆರಿಕದಲ್ಲಿ ಮಾರಾಟಕ್ಕೆ ಬಂದವು.

ನಾವು ಈಗ ನೋಡುವ ಡೆಸ್ಕ್‌ಟಾಪ್‌ನ ವಂಶ ಶುರುವಾಗಿದ್ದು 1981ರ ಆಗಸ್ಟ್ 12ರಂದು. ಅವತ್ತು ಐಬಿಎಂ ಕಂಪನಿ ತನ್ನ 'ಪರ್ಸನಲ್ ಕಂಪ್ಯೂಟರ್' ಬಿಡುಗಡೆ ಮಾಡಿತು. 'ಪಿಸಿ' ಎಂಬ ಹೆಸರು ಜನರ ಬಾಯಲ್ಲಿ ನಿಂತದ್ದು ಆಗಲೇ. ಆರಂಭದ ಬೆಲೆ 1,565 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು ಹದಿಮೂರೂವರೆ ಸಾವಿರ ರೂಪಾಯಿ. ಅದೂ ಮಾನಿಟರ್ ಇಲ್ಲದೆ, ಫ್ಲಾಪಿ ಡ್ರೈವ್ ಇಲ್ಲದೆ. ಎಲ್ಲ ಸೇರಿಸಿದರೆ ಬೆಲೆ ಸುಮಾರು ಎರಡರಷ್ಟಾಗುತ್ತಿತ್ತು.

ಈ ಯಂತ್ರದ ದೊಡ್ಡಸ್ತಿಕೆ ಅದರ ವೇಗದಲ್ಲಿ ಇರಲಿಲ್ಲ. ಐಬಿಎಂನ ತಂಡಕ್ಕೆ ಅವಸರವಿತ್ತು. ಹಾಗಾಗಿ ಎಲ್ಲವನ್ನೂ ತಾವೇ ತಯಾರಿಸದೆ, ಮಾರುಕಟ್ಟೆಯಲ್ಲಿ ಸಿಗುವ ಬಿಡಿಭಾಗಗಳನ್ನು ಜೋಡಿಸಿದರು. ಪ್ರೊಸೆಸರ್ ಇಂಟೆಲ್‌ನದ್ದು, ಸಾಫ್ಟ್‌ವೇರ್ ಮೈಕ್ರೋಸಾಫ್ಟ್‌ನದ್ದು. ಡಬ್ಬದೊಳಗೆ ಖಾಲಿ ಜಾಗ ಬಿಟ್ಟು, ಬೇಕಾದ ಕಾರ್ಡ್ ತಂದು ಸಿಕ್ಕಿಸಿಕೊಳ್ಳುವಂತೆ ಮಾಡಿದರು. ಒಳಗೆ ಏನಿದೆ ಎಂಬ ವಿವರಗಳನ್ನೂ ಪುಸ್ತಕದಲ್ಲಿ ಅಚ್ಚು ಹಾಕಿಸಿದರು.

ಇದರಿಂದ ಇತರ ಕಂಪನಿಗಳೂ ಅದೇ ಬಗೆಯ ಕಂಪ್ಯೂಟರ್ ಮಾಡತೊಡಗಿದವು. ಬಿಡಿಭಾಗ ಮಾರುವವರು, ಜೋಡಿಸುವವರು, ರಿಪೇರಿ ಮಾಡುವವರು ಜಗತ್ತಿನ ಎಲ್ಲ ಕಡೆ ಹುಟ್ಟಿಕೊಂಡರು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಾಲು ಸಾಲಾಗಿ ಕಾಣುವ ಬಿಡಿಭಾಗದ ಅಂಗಡಿಗಳು ಬದುಕಿರುವುದು ಈ ಕಾರಣದಿಂದಲೇ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಸ್ಕ್ರೂಡ್ರೈವರ್ ಹಿಡಿದು 'ಅಸೆಂಬಲ್ಡ್' ಕಂಪ್ಯೂಟರ್ ಕಟ್ಟಿಕೊಡುವ ಹುಡುಗರ ಕಸುಬೂ ಅಲ್ಲಿಂದಲೇ ಬಂದದ್ದು.

ಡೆಸ್ಕ್‌ಟಾಪ್ ಒಂದು ಎತ್ತಿನ ಗಾಡಿಯ ಹಾಗೆ. ಚಕ್ರ ಹೋದರೆ ಚಕ್ರ, ನೊಗ ಮುರಿದರೆ ನೊಗ. ಇಡೀ ಗಾಡಿ ಎಸೆಯಬೇಕಿಲ್ಲ.

ಹೊತ್ತೊಯ್ಯುವ ಆಸೆ

ಕಂಪ್ಯೂಟರನ್ನು ಜೊತೆಯಲ್ಲೇ ಒಯ್ಯಬೇಕು ಎಂಬ ಆಸೆ ಅದಕ್ಕಿಂತ ಹಳೆಯದು. ಅಮೆರಿಕದ ಅಲನ್ ಕೇ ಎಂಬ ವಿಜ್ಞಾನಿ 1972ರಲ್ಲಿ ಒಂದು ಲೇಖನ ಬರೆದು, ಪುಸ್ತಕದಷ್ಟು ದೊಡ್ಡದಾದ, ಮಕ್ಕಳು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಕಂಪ್ಯೂಟರ್ ಹೇಗಿರಬೇಕು ಎಂದು ವಿವರಿಸಿದ್ದರು. ಅದಕ್ಕೆ 'ಡೈನಾಬುಕ್' ಎಂದು ಹೆಸರಿಟ್ಟಿದ್ದರು. ಆಗ ಅಂಥದ್ದನ್ನು ತಯಾರಿಸುವ ತಂತ್ರಜ್ಞಾನ ಇರಲಿಲ್ಲ. ಅವರ ಕಲ್ಪನೆಯಲ್ಲೂ ಅದು ಒಂದು ಮಗುವಿನ ಸ್ವಂತ ಯಂತ್ರ, ಶಾಲೆಯದ್ದಲ್ಲ ಎನ್ನುವುದನ್ನು ಗಮನಿಸಿ.

ಮಾರುಕಟ್ಟೆಯಲ್ಲಿ ಗೆದ್ದ ಮೊದಲ 'ಹೊತ್ತೊಯ್ಯುವ' ಕಂಪ್ಯೂಟರ್ ಬಂದದ್ದು 1981ರ ಏಪ್ರಿಲ್‌ನಲ್ಲಿ, ಐಬಿಎಂ ಪಿಸಿಗಿಂತ ನಾಲ್ಕು ತಿಂಗಳು ಮೊದಲು. ಹೆಸರು ಆಸ್ಬೋರ್ನ್-1. ಅದನ್ನು ಹೊರತಂದ ಆಡಂ ಆಸ್ಬೋರ್ನ್‌ಗೂ ನಮ್ಮ ದಕ್ಷಿಣ ಭಾರತಕ್ಕೂ ನಂಟಿದೆ. ಅವರ ತಂದೆ ಆರ್ಥರ್ ಆಸ್ಬೋರ್ನ್ ರಮಣ ಮಹರ್ಷಿಗಳ ಅನುಯಾಯಿ. ಹಾಗಾಗಿ ಆಡಂ ಬಾಲ್ಯದ ಕೆಲವು ವರ್ಷಗಳನ್ನು ಕಳೆದದ್ದು ತಿರುವಣ್ಣಾಮಲೈಯಲ್ಲಿ. 2003ರಲ್ಲಿ ತೀರಿಕೊಂಡದ್ದು ಕೊಡೈಕೆನಾಲ್‌ನಲ್ಲಿ.

ಆಸ್ಬೋರ್ನ್-1ರ ತೂಕ ಸುಮಾರು 11 ಕೆ.ಜಿ. ಮುಚ್ಚಿದರೆ ಹೊಲಿಗೆ ಯಂತ್ರದ ಪೆಟ್ಟಿಗೆಯ ಹಾಗೆ ಕಾಣುತ್ತಿತ್ತು. ಪರದೆ 5 ಇಂಚು, ಅಂದರೆ ಈಗ ನೀವು ಇದನ್ನು ಓದುತ್ತಿರುವ ಮೊಬೈಲ್‌ನದ್ದಕ್ಕಿಂತ ಚಿಕ್ಕದಿರಬಹುದು. ಬೆಲೆ 1,795 ಡಾಲರ್. ಬ್ಯಾಟರಿ ಇರಲಿಲ್ಲ. ಹೊತ್ತುಕೊಂಡು ಹೋದ ಕಡೆ ಪ್ಲಗ್ ಹುಡುಕಲೇಬೇಕಿತ್ತು. ಆದರೂ ಜನ ಕೊಂಡರು. ಆದರೆ ಕಂಪನಿ ಬಹಳ ದಿನ ಬಾಳಲಿಲ್ಲ, 1983ರ ಸೆಪ್ಟೆಂಬರ್‌ನಲ್ಲಿ ದಿವಾಳಿಯಾಯಿತು.

ಅದೇ ಹೊತ್ತಿಗೆ ಕಾಂಪ್ಯಾಕ್ ಎಂಬ ಹೊಸ ಕಂಪನಿ ಐಬಿಎಂ ಪಿಸಿಯ ಸಾಫ್ಟ್‌ವೇರ್‌ಗಳನ್ನೇ ನಡೆಸುವ, ಹಿಡಿ ಇರುವ ಪೆಟ್ಟಿಗೆ ಕಂಪ್ಯೂಟರ್ ತಂದಿತು. ಅದು ಇನ್ನೂ ಭಾರ, 12 ಕೆ.ಜಿ.ಗೂ ಹೆಚ್ಚು. ಒಂದು ಕೊಡ ನೀರಿನಷ್ಟು.

ಈಗಿನ ಲ್ಯಾಪ್‌ಟಾಪ್‌ನ ಹಾಗೆ ಪುಸ್ತಕದಂತೆ ತೆರೆದು ಮುಚ್ಚುವ ಆಕಾರ ಬಂದದ್ದು 1982ರಲ್ಲಿ, ಬಿಲ್ ಮಾಗ್ರಿಡ್ಜ್ ಎಂಬ ವಿನ್ಯಾಸಕಾರ ರೂಪಿಸಿದ ಗ್ರಿಡ್ ಕಂಪಾಸ್‌ನಲ್ಲಿ. ಅದರ ಬೆಲೆ 8,150 ಡಾಲರ್, ಅಂದರೆ ಐದು ಐಬಿಎಂ ಪಿಸಿಗಳ ಆರಂಭದ ಬೆಲೆಗಿಂತಲೂ ಹೆಚ್ಚು. ಅಮೆರಿಕದ ಬಾಹ್ಯಾಕಾಶ ನೌಕೆಗಳಲ್ಲಿ ಅದು ಹಾರಾಡಿತು. ಸಾಮಾನ್ಯ ಮನೆಗೆ ಬರಲಿಲ್ಲ.

ಇಲ್ಲಿಗೆ ಒಂದು ವಿಷಯ ಸ್ಪಷ್ಟ. ಮೊದಲ ದಿನದಿಂದಲೂ ಹೊತ್ತೊಯ್ಯುವ ಅನುಕೂಲಕ್ಕೆ ಬೇರೆ ಬೆಲೆ ಕೊಡಬೇಕಿತ್ತು. ಕೆಲವೊಮ್ಮೆ ದುಡ್ಡಿನಲ್ಲಿ, ಕೆಲವೊಮ್ಮೆ ಪರದೆಯ ಗಾತ್ರದಲ್ಲಿ, ಕೆಲವೊಮ್ಮೆ ಹೆಗಲ ನೋವಿನಲ್ಲಿ.

ನಮ್ಮ ಕಸುಬಿನವರ ಕೈಗೆ ಬಂದಾಗ

ಪತ್ರಿಕೋದ್ಯಮ ಓದಿದ ನಮಗೆ ಈ ಕಥೆಯಲ್ಲಿ ತುಂಬ ಇಷ್ಟವಾದ ಯಂತ್ರ 1983ರದ್ದು. ಟಿಆರ್‌ಎಸ್-80 ಮಾಡೆಲ್ 100 ಎಂದು ಹೆಸರು. ತಯಾರಿಸಿದ್ದು ಜಪಾನಿನ ಕ್ಯೋಸೆರಾ, ಅಮೆರಿಕದಲ್ಲಿ ಮಾರಿದ್ದು ರೇಡಿಯೋ ಶ್ಯಾಕ್ ಅಂಗಡಿಗಳು.

ತೂಕ ಒಂದೂವರೆ ಕೆ.ಜಿ.ಯೊಳಗೆ. ಪರದೆಯ ಮೇಲೆ 8 ಸಾಲು, ಸಾಲಿಗೆ 40 ಅಕ್ಷರ, ಅಷ್ಟೇ. ಆದರೆ ಕೀಲಿಮಣೆ ಪೂರ್ಣ ಗಾತ್ರದ್ದು. ಟಾರ್ಚಿಗೆ, ಗಡಿಯಾರಕ್ಕೆ ಹಾಕುವಂಥ ಸಣ್ಣ ಸೆಲ್ ನಾಲ್ಕು ಹಾಕಿದರೆ ಸುಮಾರು ಇಪ್ಪತ್ತು ಗಂಟೆ ಓಡುತ್ತಿತ್ತು. ಒಳಗೇ ಮೋಡೆಮ್ ಇತ್ತು. ವರದಿಗಾರರು ಪಂದ್ಯ ನೋಡುತ್ತಲೋ, ಸಭೆಯಲ್ಲಿ ಕುಳಿತೋ ಸುದ್ದಿ ಬರೆದು, ಟೆಲಿಫೋನ್ ತಂತಿಯ ಮೂಲಕ ಕಚೇರಿಗೆ ಕಳಿಸಿಬಿಡುತ್ತಿದ್ದರು. ಅದಕ್ಕೆ ಮೊದಲು ಫೋನಿನಲ್ಲಿ ಸುದ್ದಿಯನ್ನು ಪದ ಪದವಾಗಿ ಓದಿ ಹೇಳಬೇಕಿತ್ತು, ಆ ಕಡೆ ಯಾರೋ ಬರೆದುಕೊಳ್ಳಬೇಕಿತ್ತು.

ಆ ಯಂತ್ರ ಆ ಕಾಲದ ಡೆಸ್ಕ್‌ಟಾಪ್‌ಗಿಂತ ಎಲ್ಲ ರೀತಿಯಲ್ಲೂ ಬಡ ಯಂತ್ರ. ಆದರೆ ಕೆಲಸ ಜನರಿರುವ ಕಡೆ ನಡೆಯುತ್ತಿತ್ತು, ಮೇಜು ಕಚೇರಿಯಲ್ಲಿತ್ತು. ಊರೂರು ತಿರುಗುವ ಕಸುಬಿನವರಿಗೆ ಬಡ ಯಂತ್ರವೇ ಒಳ್ಳೆಯ ಯಂತ್ರವಾಯಿತು. ಕಸುಬು ಯಾವುದು ಎಂಬುದು ಆಯ್ಕೆಯನ್ನು ತೀರ್ಮಾನಿಸಿತು.

ಲ್ಯಾಪ್‌ಟಾಪ್ ಮೇಜನ್ನು ಹಿಂದೆ ಹಾಕಿದ್ದು

1985ರಲ್ಲಿ ಜಪಾನಿನ ತೊಷಿಬಾ ಟಿ1100 ಎಂಬ ಯಂತ್ರ ತಂದಿತು. ಸುಮಾರು 4 ಕೆ.ಜಿ. ತೂಕ, ಒಳಗೇ ಚಾರ್ಜ್ ಆಗುವ ಬ್ಯಾಟರಿ, ಚಪ್ಪಟೆ ಪರದೆ, ಐಬಿಎಂ ಪಿಸಿಯ ಸಾಫ್ಟ್‌ವೇರ್ ನಡೆಸುವ ಶಕ್ತಿ. ಈಗಿನ ಲ್ಯಾಪ್‌ಟಾಪ್‌ಗೆ ಇರಬೇಕಾದ್ದೆಲ್ಲ ಅದರಲ್ಲಿತ್ತು.

1991ರಲ್ಲಿ ಆಪಲ್ ಕಂಪನಿಯ ಪವರ್‌ಬುಕ್ ಕೀಬೋರ್ಡನ್ನು ಪರದೆಯ ಕಡೆಗೆ ಹಿಂದೆ ಸರಿಸಿ, ಮುಂದೆ ಅಂಗೈ ಊರಲು ಜಾಗ ಬಿಟ್ಟಿತು. ಇವತ್ತಿಗೂ ಎಲ್ಲ ಲ್ಯಾಪ್‌ಟಾಪ್‌ಗಳೂ ಹಾಗೇ ಇವೆ. ಅದೇ 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಹಗುರ, ಹೆಚ್ಚು ಹೊತ್ತು ಬರುವ ಈ ಬ್ಯಾಟರಿ ಇಲ್ಲದಿದ್ದರೆ ಲ್ಯಾಪ್‌ಟಾಪೂ ಇಲ್ಲ, ನಿಮ್ಮ ಕೈಯ ಮೊಬೈಲೂ ಇಲ್ಲ. ಅದರ ಹಿಂದಿನ ಸಂಶೋಧನೆಗೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಬಂತು.

ಮುಂದೆ ವೈಫೈ ಬಂತು. 2003ರಲ್ಲಿ ಇಂಟೆಲ್ 'ಸೆಂಟ್ರಿನೋ' ಹೆಸರಿನಲ್ಲಿ ವೈಫೈ ಇರುವ ಲ್ಯಾಪ್‌ಟಾಪ್‌ಗಳನ್ನು ಮುಂದಕ್ಕೆ ತಳ್ಳಿತು. ಇಂಟರ್‌ನೆಟ್ ತಂತಿಗೂ ಮೇಜಿಗೂ ಇದ್ದ ಕಟ್ಟು ಬಿಚ್ಚಿತು. 2008ರ ಮೂರನೇ ತ್ರೈಮಾಸಿಕದಲ್ಲಿ ಜಗತ್ತಿನಲ್ಲಿ ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್‌ಗಳು ಹೆಚ್ಚು ಸಾಗಣೆಯಾದವು. ಹಾಗಾದದ್ದು ಅದೇ ಮೊದಲು.

ಲ್ಯಾಪ್‌ಟಾಪ್ ತೆಳ್ಳಗಾದಷ್ಟೂ ಅದನ್ನು ಬಿಚ್ಚುವುದು ಕಷ್ಟವಾಯಿತು. ಮೊದಲು ಬ್ಯಾಟರಿಯನ್ನು ಕೆಳಗಿನಿಂದ ಕೈಯಲ್ಲೇ ತೆಗೆಯಬಹುದಿತ್ತು, ಈಗ ಒಳಗೆ ಸೇರಿಕೊಂಡಿದೆ. ಮೊದಲು ರ‍್ಯಾಮ್ ತೆಗೆದು ಹಾಕಬಹುದಿತ್ತು, ಈಗ ಎಷ್ಟೋ ಮಾದರಿಗಳಲ್ಲಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಒಂದು ಕೀ ಕೆಟ್ಟರೆ ಇಡೀ ಕೀಬೋರ್ಡ್ ಬದಲಿಸಬೇಕು. ಡೆಸ್ಕ್‌ಟಾಪ್‌ನಲ್ಲಿ ಕೀಬೋರ್ಡ್ ಕೆಟ್ಟರೆ ಸಂತೆ ದಿನ ಪೇಟೆಗೆ ಹೋದವರು ಹೊಸದೊಂದನ್ನು ತಂದು ಸಿಕ್ಕಿಸಿದರೆ ಮುಗಿಯಿತು.

ಬಾಗಿಲು ಹಾಕಿದ ಕೋಣೆ

ಭಾರತದ ಶಾಲೆಗಳಿಗೆ ಕಂಪ್ಯೂಟರ್ ಕಲಿಸುವ ಸರ್ಕಾರಿ ಯೋಜನೆ 1984ರಲ್ಲಿ ಶುರುವಾಯಿತು. 'ಕ್ಲಾಸ್' ಎಂದು ಅದರ ಹೆಸರು. ಬ್ರಿಟನ್ನಿನ ಬಿಬಿಸಿ ಮೈಕ್ರೋ ಎಂಬ ಮೇಜಿನ ಕಂಪ್ಯೂಟರುಗಳು ಆಯ್ದ ಶಾಲೆಗಳಿಗೆ ಬಂದವು. ಹಳ್ಳಿಯ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಮುಟ್ಟುವ ಹೊತ್ತಿಗೆ ಮತ್ತೆ ಎಷ್ಟೋ ವರ್ಷ ಕಳೆದಿತ್ತು.

ನಮ್ಮಲ್ಲಿ ಹಲವರು ಮೊದಲು ಕಂಪ್ಯೂಟರ್ ನೋಡಿದ್ದು ಇಂಥ ಶಾಲೆಯ ಕೋಣೆಯಲ್ಲೇ. ಚಪ್ಪಲಿ ಹೊರಗೆ ಬಿಡಬೇಕು. ಯಂತ್ರಗಳ ಮೇಲೆ ಪ್ಲಾಸ್ಟಿಕ್ ಹೊದಿಕೆ. ಒಂದರ ಮುಂದೆ ಐದಾರು ಜನ. ಮೌಸ್ ಹಿಡಿಯುವವರು ಯಾವಾಗಲೂ ಅದೇ ಇಬ್ಬರು ಹುಡುಗರು, ಉಳಿದವರು ಹೆಗಲ ಮೇಲಿಂದ ಇಣುಕುವವರು. ಕರೆಂಟ್ ಹೋದರೆ ಪಾಠ ಮುಗಿಯಿತು. ಯುಪಿಎಸ್ ಬ್ಯಾಟರಿ ಸತ್ತ ಮೇಲೆ ಕೋಣೆಗೆ ಬೀಗ ಬಿತ್ತು.

ಒಂದು ಜಾಗಕ್ಕೆ ಸೇರಿದ ಯಂತ್ರ ಎಲ್ಲರದ್ದೂ ಹೌದು. ಆದರೆ ಆ ಜಾಗದ ಬೀಗ ಯಾರ ಕೈಯಲ್ಲಿದೆ ಎಂಬುದೂ ಮುಖ್ಯ. ಇದಕ್ಕೆ ನಮ್ಮ ರಾಜ್ಯದ್ದೇ ದೊಡ್ಡ ಉದಾಹರಣೆ ಇದೆ.

ಪಹಣಿ ಚೀಲದಿಂದ ಮೇಜಿಗೆ ಬಂದದ್ದು

ಭೂಮಿ ಯೋಜನೆ ಬರುವ ಮೊದಲು ಪಹಣಿ ಎಲ್ಲಿರುತ್ತಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ. ಮೊದಲು ಶಾನುಭೋಗರ ಕಡತದಲ್ಲಿ. 1960ರ ದಶಕದಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾದ ಮೇಲೆ ಗ್ರಾಮ ಲೆಕ್ಕಿಗರ ಪುಸ್ತಕದಲ್ಲಿ. ಒಬ್ಬ ಲೆಕ್ಕಿಗರಿಗೆ ಕೆಲವು ಊರುಗಳು. ಪುಸ್ತಕ ಅವರ ವಶದಲ್ಲಿ. ಅವರು ಇದ್ದ ಕಡೆ ದಾಖಲೆ ಇತ್ತು, ಇಲ್ಲದ ಕಡೆ ಇರಲಿಲ್ಲ.

ಒಂದು ರೀತಿಯಲ್ಲಿ ಅದು ಆ ಕಾಲದ ಲ್ಯಾಪ್‌ಟಾಪ್. ಊರಿಗೇ ಬರುತ್ತಿತ್ತು, ಅದು ಅನುಕೂಲ. ಆದರೆ ಒಬ್ಬರ ಕೈಯಲ್ಲಿತ್ತು. ಒಳಗೆ ಏನು ಬರೆದಿದೆ ಎಂದು ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಅಲೆದಾಟಕ್ಕೂ ಲಂಚಕ್ಕೂ ತಿದ್ದುಪಡಿಗೂ ಅಲ್ಲೇ ದಾರಿ ಇತ್ತು.

1990ರ ದಶಕದ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಪ್ರಯೋಗ ಮಾಡಿ, 2002ರ ಹೊತ್ತಿಗೆ ಆಗಿದ್ದ 177 ತಾಲ್ಲೂಕುಗಳಲ್ಲೂ ಭೂಮಿ ಕೇಂದ್ರಗಳನ್ನು ತೆರೆದರು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಆಗ 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಯಾರು ಏನು ಮಾಡಿದರು ಎಂಬುದು ಉಳಿಯುತ್ತದೆ.

ಇದರಲ್ಲಿ ನಮಗೆ ಬಹಳ ಮುಖ್ಯ ಅನ್ನಿಸುವ ಸಂಗತಿ ಇನ್ನೊಂದಿದೆ. ಆ ಕೇಂದ್ರಗಳಲ್ಲಿ ಸಿಬ್ಬಂದಿಯ ಎದುರು ಒಂದು ಮಾನಿಟರ್ ಇದ್ದರೆ, ರೈತರ ಕಡೆ ಮುಖ ಮಾಡಿ ಇನ್ನೊಂದು ಮಾನಿಟರ್ ಇಟ್ಟರು. ತನ್ನ ಜಮೀನಿನ ಬಗ್ಗೆ ಒಳಗೆ ಏನು ನಡೆಯುತ್ತಿದೆ ಎಂದು ಸಾಲಿನಲ್ಲಿ ನಿಂತವರೂ ನೋಡಬಹುದಿತ್ತು. ಎರಡನೆಯ ಪರದೆ ಜೋಡಿಸಲು ಮೇಜು ಬೇಕು, ಜಾಗ ಬೇಕು. ಅಲ್ಲಿ ಡೆಸ್ಕ್‌ಟಾಪ್ ಇದ್ದದ್ದು ಅಗ್ಗ ಎಂಬ ಕಾರಣಕ್ಕೆ ಮಾತ್ರವಲ್ಲ. ಯಾರೂ ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ಯಲಾಗದ, ಎಲ್ಲರ ಕಣ್ಣೆದುರು ಇರುವ ಯಂತ್ರ ಅಲ್ಲಿಗೆ ಬೇಕಾಗಿತ್ತು.

ನಷ್ಟವೂ ಆಯಿತು. ಊರಿಗೆ ಬರುತ್ತಿದ್ದ ದಾಖಲೆಗಾಗಿ ಈಗ ರೈತರೇ ಬಸ್ ಹತ್ತಿ ತಾಲ್ಲೂಕು ಕಚೇರಿಗೆ ಹೋಗಬೇಕಾಯಿತು. ಒಂದು ದಿನದ ಕೂಲಿ ಹೋಯಿತು. ನಡೆಯಲಾಗದ ಅಜ್ಜಿಗೆ ಮೇಜು ದೂರವಾಯಿತು. ಆಮೇಲೆ ನಾಡಕಚೇರಿ, ಪಂಚಾಯಿತಿ, ಆನ್‌ಲೈನ್ ಎಂದು ಹತ್ತಿರ ಹತ್ತಿರ ತರುತ್ತಾ ಬಂದದ್ದು ಆ ದೂರವನ್ನು ಕಡಿಮೆ ಮಾಡಲಿಕ್ಕೇ.

ಒಂದೇ ಯಂತ್ರವನ್ನು ಹೊತ್ತೊಯ್ಯಲೂ ಬೇಕು, ಹಂಚಿಕೊಳ್ಳಲೂ ಬೇಕು ಎಂದು ಯೋಚಿಸಿದವರೂ ನಮ್ಮಲ್ಲೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಎಂಬ ಕಂಪನಿ ಸೇರಿ 2001ರ ಹೊತ್ತಿಗೆ 'ಸಿಂಪ್ಯೂಟರ್' ಎಂಬ ಅಂಗೈ ಕಂಪ್ಯೂಟರ್ ರೂಪಿಸಿದರು. ಅದರಲ್ಲಿ ಸ್ಮಾರ್ಟ್ ಕಾರ್ಡ್ ಹಾಕುವ ಜಾಗವಿತ್ತು. ಊರಿಗೆ ಒಂದೇ ಯಂತ್ರ ಇದ್ದರೂ, ಪ್ರತಿಯೊಬ್ಬರೂ ತಮ್ಮ ಕಾರ್ಡ್ ಹಾಕಿದಾಗ ಅದು ಅವರದ್ದಾಗಬೇಕು ಎಂಬ ಆಲೋಚನೆ. ಮಾರುಕಟ್ಟೆಯಲ್ಲಿ ಅದು ನಿರೀಕ್ಷೆಯಷ್ಟು ಓಡಲಿಲ್ಲ. ಮೊಬೈಲ್ ಬಂದು ದಾಟಿಕೊಂಡು ಹೋಯಿತು. ಆದರೆ ಅವರು ಕೇಳಿಕೊಂಡ ಪ್ರಶ್ನೆ ಸರಿಯಾಗಿತ್ತು: ಮನೆಗೊಂದು ಯಂತ್ರ ಇಲ್ಲದ ಕಡೆ ಒಂದು ಯಂತ್ರ ಎಷ್ಟು ಜನರದ್ದಾಗಬಲ್ಲದು?

ಕನ್ನಡ ಟೈಪ್ ಮಾಡುವವರಿಗೆ

ಡಿಟಿಪಿ ಕಲಿತು ಮನೆಯಲ್ಲೇ ಕೆಲಸ ಮಾಡಬೇಕು ಎನ್ನುವ ಹೆಣ್ಣುಮಕ್ಕಳು ನಮ್ಮ ಓದುಗರಲ್ಲಿ ಹಲವರಿದ್ದಾರೆ. ಅವರಿಗೆ ಎರಡು ಮಾತು.

ಕನ್ನಡಕ್ಕಾಗಿ ಬೇರೆ ಕೀಬೋರ್ಡ್ ಕೊಳ್ಳಬೇಕಿಲ್ಲ. ಇಂಗ್ಲಿಷ್ ಕೀಲಿಗಳಲ್ಲೇ ಉಚ್ಚಾರಣೆಗೆ ತಕ್ಕಂತೆ ಕನ್ನಡ ಮೂಡಿಸುವ ವಿನ್ಯಾಸವನ್ನು ಕೊಟ್ಟವರು ಕೆ.ಪಿ. ರಾವ್. ಸರ್ಕಾರವೂ ಮುಂದೆ ಅದೇ ಬಗೆಯ ವಿನ್ಯಾಸವನ್ನು ಒಪ್ಪಿಕೊಂಡಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಹಳ್ಳಿ ಹಳ್ಳಿಯ ಅಂಗಡಿಗಳಿಗೆ ಕನ್ನಡ ಟೈಪಿಂಗ್ ತಲುಪಿತು. ಈ ಕೆಲಸಕ್ಕೆ ಡೆಸ್ಕ್‌ಟಾಪೂ ಆಗುತ್ತದೆ, ಲ್ಯಾಪ್‌ಟಾಪೂ ಆಗುತ್ತದೆ.

ವ್ಯತ್ಯಾಸ ಇರುವುದು ಮೈಗೆ. ಲ್ಯಾಪ್‌ಟಾಪ್‌ನಲ್ಲಿ ಪರದೆಯೂ ಕೀಬೋರ್ಡೂ ಅಂಟಿಕೊಂಡಿರುತ್ತವೆ. ಕೈಗೆ ಸರಿಯಾಗಿ ಇಟ್ಟರೆ ಕತ್ತು ಬಗ್ಗುತ್ತದೆ, ಕಣ್ಣಿಗೆ ಸರಿಯಾಗಿ ಇಟ್ಟರೆ ಕೈ ಎತ್ತಬೇಕಾಗುತ್ತದೆ. ದಿನಕ್ಕೆ ಆರೇಳು ಗಂಟೆ ಟೈಪ್ ಮಾಡುವವರಿಗೆ ದೊಡ್ಡ ಪರದೆ, ಬೇರೆ ಕೀಬೋರ್ಡ್, ಒಂದು ಒಳ್ಳೆಯ ಕುರ್ಚಿ ಬೇಕೇ ಬೇಕು. ಲ್ಯಾಪ್‌ಟಾಪ್ ಇದ್ದವರೂ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಎತ್ತರಿಸಿ, ಹೊರಗಿನಿಂದ ಕೀಬೋರ್ಡ್ ಸಿಕ್ಕಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ.

ಕರೆಂಟಿನ ಲೆಕ್ಕ

ನಗರದವರು ಬರೆಯುವ ಸಲಹೆಗಳಲ್ಲಿ ಕರೆಂಟಿನ ಮಾತು ಕಡಿಮೆ. ನಮಗೆ ಅದೇ ಮೊದಲ ಮಾತು.

ಮಾನಿಟರ್ ಸೇರಿ ಸಾಧಾರಣ ಡೆಸ್ಕ್‌ಟಾಪ್ 100ರಿಂದ 150 ವಾಟ್ ಎಳೆಯುತ್ತದೆ. ಲ್ಯಾಪ್‌ಟಾಪ್ 30ರಿಂದ 60 ವಾಟ್. ದಿನಕ್ಕೆ ಐದು ಗಂಟೆ ಓಡಿಸಿದರೆ ಡೆಸ್ಕ್‌ಟಾಪ್‌ಗೆ ಅರ್ಧದಿಂದ ಮುಕ್ಕಾಲು ಯೂನಿಟ್, ಲ್ಯಾಪ್‌ಟಾಪ್‌ಗೆ ಹೆಚ್ಚೆಂದರೆ ಕಾಲು ಯೂನಿಟ್ ಚಿಲ್ಲರೆ. ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸವಲ್ಲ. ಮನೆಯಲ್ಲಿ ಸೋಲಾರ್ ಅಥವಾ ಇನ್ವರ್ಟರ್ ಇದ್ದರೆ ಮಾತ್ರ ದೊಡ್ಡ ವ್ಯತ್ಯಾಸ.

ನಿಜವಾದ ಪ್ರಶ್ನೆ ಕರೆಂಟ್ ಹೋದಾಗ ಏನು ಎಂಬುದು. ಡೆಸ್ಕ್‌ಟಾಪ್‌ಗೆ ಸಣ್ಣ ಯುಪಿಎಸ್ ಇದ್ದರೆ ಕೆಲಸ ಸೇವ್ ಮಾಡಿ ಆಫ್ ಮಾಡಲು ಹತ್ತು ಹದಿನೈದು ನಿಮಿಷ ಸಿಗುತ್ತದೆ. ಅದಕ್ಕಿಂತ ಹೆಚ್ಚು ನಂಬುವಂತಿಲ್ಲ. ಲ್ಯಾಪ್‌ಟಾಪ್ ಕೆಲವು ಗಂಟೆ ಓಡುತ್ತದೆ. ವೋಲ್ಟೇಜ್ ಏರಿಳಿತವನ್ನೂ ಅದು ಹೆಚ್ಚು ತಾಳಿಕೊಳ್ಳುತ್ತದೆ. ಚಾರ್ಜರ್ ಮೇಲೆ 100-240 ವೋಲ್ಟ್ ಎಂದು ಅಚ್ಚು ಹಾಕಿರುವುದನ್ನು ನೋಡಿ. ಸಂಜೆ ಲೈಟು ಮಂಕಾಗುವ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಆದರೆ ಬ್ಯಾಟರಿಗೂ ಆಯಸ್ಸಿದೆ. ಮೂರು ನಾಲ್ಕು ವರ್ಷದ ಮೇಲೆ ಅದರ ಬಲ ಕುಂದುತ್ತದೆ, ಬದಲಿಸುವ ಖರ್ಚು ಈಗಲೇ ಲೆಕ್ಕದಲ್ಲಿರಲಿ.

ಮನೆಯಲ್ಲಿ ಯಾರದ್ದು?

ಈಗ ಮೊದಲ ಪ್ರಶ್ನೆಗೆ ಬರೋಣ. ಒಂದು ಮನೆಯಲ್ಲಿ ಅಣ್ಣ ಡಿಗ್ರಿಗೆ ಹೋಗುತ್ತಾನೆ, ತಂಗಿ ಒಂಬತ್ತನೇ ತರಗತಿ. ಇರುವ ದುಡ್ಡಿಗೆ ಲ್ಯಾಪ್‌ಟಾಪ್ ತಂದರು ಅಂದುಕೊಳ್ಳಿ. ಅಣ್ಣ ಹಾಸ್ಟೆಲ್‌ಗೆ ಹೋದ ದಿನ ಕಂಪ್ಯೂಟರೂ ಹೋಯಿತು. ಮನೆಯಲ್ಲಿ ಏನೂ ಉಳಿಯಲಿಲ್ಲ. ತಂಗಿಯ ಸರದಿ ಬರುವ ಹೊತ್ತಿಗೆ ಆ ಲ್ಯಾಪ್‌ಟಾಪ್ ಹಳೆಯದಾಗಿರುತ್ತದೆ, ಮತ್ತೆ ದುಡ್ಡು ಹೊಂದಿಸಲು ಅಪ್ಪನಿಗೆ ಆಗದೇ ಇರಬಹುದು. 2020ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ ಮನೆಗೊಂದೇ ಮೊಬೈಲ್ ಇದ್ದ ಕಡೆ ಅದು ಮೊದಲು ಯಾರ ಕೈಗೆ ಹೋಯಿತು ಎಂಬುದು ನಿಮಗೆಲ್ಲ ಗೊತ್ತು.

ಅದೇ ಮನೆಯಲ್ಲಿ ಡೆಸ್ಕ್‌ಟಾಪ್ ತಂದಿಟ್ಟರೆ ಅದು ನಡುಮನೆಯಲ್ಲೇ ಇರುತ್ತದೆ. ತಂಗಿ ಕಲಿಯುತ್ತಾಳೆ. ಅಮ್ಮ ಸಂಘದ ಲೆಕ್ಕ ಬರೆಯುತ್ತಾರೆ. ಪಕ್ಕದ ಮನೆಯ ಹುಡುಗ ಅರ್ಜಿ ತುಂಬಿಸಲು ಬರುತ್ತಾನೆ. ಆದರೆ ಕಾಲೇಜಿನ ಊರಿನಲ್ಲಿರುವ ಅಣ್ಣ ಅಸೈನ್‌ಮೆಂಟ್‌ಗಾಗಿ ಸೈಬರ್ ಕೆಫೆಗೆ ಹೋಗಬೇಕು.

ಇನ್ನೊಂದು ಮನೆಯಲ್ಲಿ ಮಗಳೇ ಓದಲು ಹೊರಗೆ ಹೋಗುವವಳು. ಅವಳಿಗೆ ಲ್ಯಾಪ್‌ಟಾಪ್ ಎಂದರೆ ತನ್ನದೇ ಆದ ಮೊದಲ ವಸ್ತು. ಕೆಲಸಕ್ಕೆ ಸೇರಿದರೂ, ಮದುವೆಯಾಗಿ ಬೇರೆ ಊರಿಗೆ ಹೋದರೂ ಅದು ಅವಳ ಜೊತೆ ಹೋಗುತ್ತದೆ. ತವರಿನ ನಡುಮನೆಯ ಡೆಸ್ಕ್‌ಟಾಪ್ ಹಾಗೆ ಹೋಗುವುದಿಲ್ಲ. ಎಲ್ಲರೂ ನೋಡುತ್ತಿರುವ ಮಾನಿಟರಿನ ಮುಂದೆ ಕೂತು ಅವಳು ಕೆಲಸದ ಅರ್ಜಿ ಹಾಕಲು ಹಿಂಜರಿಯಬಹುದು. ಪಹಣಿಗೆ ಎಲ್ಲರ ಕಣ್ಣು ಬೇಕು. ಒಬ್ಬ ಹುಡುಗಿಯ ಓದಿಗೆ ಕೆಲವೊಮ್ಮೆ ಯಾರ ಕಣ್ಣೂ ಬೀಳದ ಮೂಲೆ ಬೇಕು.

ಕೊಳ್ಳುವ ಮೊದಲು

ನಾವು ಕೊಡುವ ಲೆಕ್ಕ ಇದು.

ಓದುವವರು ಒಬ್ಬರೇ, ಅವರು ಊರು ಬಿಡುವವರು, ಕೋರ್ಸ್‌ಗೆ ದಿನವೂ ಕಂಪ್ಯೂಟರ್ ಬೇಕು ಎಂದಾದರೆ ಲ್ಯಾಪ್‌ಟಾಪ್ ಕೊಡಿಸಿ. ತೀರಾ ತೆಳ್ಳಗಿರುವುದಕ್ಕೆ ಆಸೆಪಡಬೇಡಿ. ರ‍್ಯಾಮ್ ಹೆಚ್ಚಿಸಲು ಬರುತ್ತದೆಯೇ, ಬ್ಯಾಟರಿ ಬದಲಿಸಲು ಬರುತ್ತದೆಯೇ, ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲಿದೆಯೇ ಎಂದು ಮೂರು ಪ್ರಶ್ನೆ ಕೇಳಿ.

ಮನೆಯಲ್ಲಿ ಇಬ್ಬರು ಮೂವರು ಕಲಿಯುವವರಿದ್ದು ಮನೆಯಿಂದಲೇ ಓಡಾಡುವವರಾದರೆ, ಅಥವಾ ಟೈಪಿಂಗ್, ಡಿಟಿಪಿ, ಅರ್ಜಿ ತುಂಬುವ ಅಂಗಡಿ ಇಡುವ ಯೋಚನೆ ಇದ್ದರೆ ಡೆಸ್ಕ್‌ಟಾಪ್ ತನ್ನಿ. ಅಷ್ಟೇ ದುಡ್ಡಿಗೆ ದೊಡ್ಡ ಪರದೆ, ಹೆಚ್ಚು ಶಕ್ತಿ ಸಿಗುತ್ತದೆ. ಯುಪಿಎಸ್‌ನ ಬೆಲೆ ಸೇರಿಸಿಯೇ ಲೆಕ್ಕ ಹಾಕಿ, ಗೋಡೆಯ ಪ್ಲಗ್‌ಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಅಂಗಡಿ ಇಟ್ಟರೆ, ಬಂದವರ ಕಡೆಗೂ ಒಂದು ಪರದೆ ತಿರುಗಿಸಿ. ತಮ್ಮ ಹೆಸರು ಸರಿಯಾಗಿ ಬಿದ್ದಿದೆಯೇ ಎಂದು ಅವರೇ ನೋಡಿಕೊಳ್ಳಲಿ.

ದುಡ್ಡು ಸಾಲದು ಎಂದಾದರೆ ಕಂಪನಿಗಳು ಬಳಸಿ ಮಾರಿದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಸಿಗುತ್ತವೆ. ಭಾಗಗಳನ್ನು ಒಂದೊಂದಾಗಿ ಬದಲಿಸಬಹುದಾದ್ದರಿಂದ ಹಳೆಯ ಲ್ಯಾಪ್‌ಟಾಪ್‌ಗಿಂತ ಅದರಲ್ಲಿ ಅಪಾಯ ಕಡಿಮೆ. ಬಿಲ್ಲು ಮತ್ತು ಕೆಲವು ತಿಂಗಳ ಗ್ಯಾರಂಟಿ ಬರವಣಿಗೆಯಲ್ಲಿ ಕೊಡದವರ ಹತ್ತಿರ ಕೊಳ್ಳಬೇಡಿ.

ಅಂಗಡಿಗೆ ಹೋಗುವ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಮನೆಯವರನ್ನೆಲ್ಲ ಕೇಳಿ: ಇದರಲ್ಲಿ ಯಾರಿಗೆ ಏನು ಕೆಲಸವಿದೆ? ಒಂಬತ್ತನೇ ತರಗತಿಯ ಮಗಳನ್ನೂ ಕೇಳಿ. ಅವಳ ಉತ್ತರವನ್ನೂ ಲೆಕ್ಕಕ್ಕೆ ಹಿಡಿದ ಮೇಲೆಯೇ ಬಸ್ ಹತ್ತಿ.